ಹತ್ತು ಕೆಲಸ, ಒಂದೇ ಸಂಘ

(ರೌಪ್ಯ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಂಘಕ್ಕೆ 25 ವರುಷ ತುಂಬಿದ ಸಂತೋಷದ ದಿವಸ ನಮ್ಮನ್ನು ಕರೆದು ನಾಲ್ಕು ಮಾತು ಆಡಲಿಕ್ಕೆ ಅವಕಾಶ ಕೊಟ್ಟಿದ್ದೀರಿ. ನಾವೇನು ದೊಡ್ಡ ಭಾಷಣಕಾರರಲ್ಲ. ದೂಧಗಂಗಾ ದಂಡೆಯ ಒಂದು ಸಣ್ಣ ಊರಿನ ಪಿಕೆಪಿಎಸ್‌ನಲ್ಲಿ ಗುಮಾಸ್ತರಾಗಿ ಸೇರಿ, ಕೀರ್ದಿ ಬರೆಯುತ್ತ, ಗೊಬ್ಬರದ ಚೀಲ ಎಣಿಸುತ್ತ, ಕೊನೆಗೆ ಕಾರ್ಯದರ್ಶಿಯಾಗಿ ನಿವೃತ್ತರಾದವರು. ನಿಮ್ಮ ಅಧ್ಯಕ್ಷರು ಆಮಂತ್ರಣ ಕೊಡಲು ನಮ್ಮ ಮನೆಗೆ ಬಂದಾಗ, "ಸಾಹೇಬ್ರ, ಸಹಕಾರ ತತ್ವದ ಮ್ಯಾಲ ಎಲ್ಲಾರೂ ಮಾತಾಡ್ತಾರ. ನೀವು ನಮ್ಮ ಹುಡುಗರಿಗೆ ಒಂದ ಹೇಳ್ರಿ. ಒಮ್ಮೆಲೇ ಐದಾರು ಕೆಲಸ ತಲಿ ಮ್ಯಾಲ ಬಂದ್ರ ಸಂಘ ಹೆಂಗ ನಡಸಬೇಕು?" ಎಂದು ಕೇಳಿದರು.

ಆ ಪ್ರಶ್ನೆ ಕೇಳಿ ನಮಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಯಾಕಂದ್ರ ಈ ವಿದ್ಯೆಯನ್ನು ನಾವು ಪುಸ್ತಕ ಓದಿ ಕಲಿತಿಲ್ಲ. ಒಂದು ವರುಷ ಕೆಟ್ಟು ಕಲಿತೆವು. ಆ ಕಥೆಯನ್ನು ಮುಚ್ಚಿಡದೆ ನಿಮ್ಮ ಮುಂದೆ ಇಡುತ್ತೇವೆ. ನಮ್ಮ ತಪ್ಪಿನಿಂದ ನಿಮಗೆ ನಾಲ್ಕು ಕಾಸಿನ ಲಾಭವಾದರೆ ಸಾಕು.

ನೋಡ್ರಿ, ಒಮ್ಮೆಲೇ ಹಲವು ಕೆಲಸ ಸಂಭಾಳಿಸುವುದು ನಮ್ಮ ಭಾಗದ ರೈತನಿಗೆ ಹೊಸದೇನಲ್ಲ. ನಿಪ್ಪಾಣಿ ಕಡೆಯವರು ಒಂದು ಹೊಲದಾಗ ಸೋಯಾಬೀನ್ ಬಿತ್ತಿ, ಮತ್ತೊಂದು ಹೊಲವನ್ನು ತಂಬಾಕಿನ ಅಗಿ ಹಚ್ಚಲಿಕ್ಕೆ ಹಸನು ಮಾಡುತ್ತಿರುತ್ತಾರೆ. ರಾಯಬಾಗ, ಕಾಗವಾಡ ಕಡೆಯ ಕೃಷ್ಣಾ ದಂಡೆಯವರ ಮನೆಯಲ್ಲಿ ಒಂದು ತುಂಡಿನಾಗ ಹೊಸ ನಾಟಿ ಕಬ್ಬು, ಒಂದರಾಗ ಕುಳೆ ಕಬ್ಬು, ಇನ್ನೊಂದರಾಗ ಕಡಿಯುವ ಟೋಳಿ ಯಾವಾಗ ಬರುತ್ತದೋ ಎಂದು ದಾರಿ ಕಾಯುವ ಕಬ್ಬು ಇರುತ್ತವೆ. ಅಥಣಿಯ ಮೂಡಣ ಭಾಗದವರಿಗೆ ಒಂದು ಕಡೆ ದ್ರಾಕ್ಷಿ ಚಾಟನಿ, ಒಂದು ಕಡೆ ಹಿಂಗಾರಿ ಜೋಳ. ಇದರ ನಡುವೆ ಎಮ್ಮೆ ಈಯುವುದು, ಮಗಳ ಲಗ್ನ ಗೊತ್ತಾಗುವುದು, ಮಗನ ಕಾಲೇಜು ಫೀ ತುಂಬುವುದು, ಎಲ್ಲವೂ ಅದೇ ತಿಂಗಳು ಬಂದು ನಿಲ್ಲುತ್ತವೆ.

ಹಾಗಾದರೆ ರೈತ ಎಲ್ಲ ಕೆಲಸವನ್ನೂ ಒಟ್ಟಿಗೆ ಮಾಡುತ್ತಾನೇನು? ಇಲ್ಲ. ಒಟ್ಟಿಗೆ ಇಟ್ಟುಕೊಂಡಿರುತ್ತಾನೆ, ಮಾಡುವುದು ಒಂದೊಂದನ್ನೇ. ಯಾವುದಕ್ಕೆ ಹದ ಬಂದಿದೆಯೋ ಅದಕ್ಕೆ ಮೊದಲು ಕೈ ಹಾಕುತ್ತಾನೆ. ಭೂಮಿ ಹದಕ್ಕೆ ಬಂದ ದಿವಸ ಬೀಗರು ಬಂದರೂ "ಕುಂದರ್ರಿ ಮಾಮಾ, ಬಿತ್ತಿ ಬರ್ತೇನಿ" ಎಂದು ಕೂರಿಗೆ ಹಿಡಿದು ಹೋಗುತ್ತಾನೆ. ಬೀಗರೂ ಸಿಟ್ಟಾಗುವುದಿಲ್ಲ. ಹದ ಹೋದರೆ ಮತ್ತೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು.

ನಮ್ಮ ಹಿರಿಯರು "ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು" ಎಂದು ಹೇಳಿದ್ದಾರೆ. ಮಾತು ಖರೇ. ಆದರೆ ಹಳ್ಳಿಯ ಸಹಕಾರಿ ಸಂಘಕ್ಕೆ ಆ ಸವಲತ್ತು ಇಲ್ಲ. ಅದು ಹತ್ತನ್ನೂ ಕಟ್ಟಬೇಕು. ಯಾಕೆ ಹೀಗಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ನಮ್ಮ ದೇಶದಲ್ಲಿ ಸಹಕಾರದ ಮೊದಲ ಕಾನೂನು ಬಂದದ್ದು 1904ರಲ್ಲಿ. ಮರುವರುಷ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಆಗ ಅದೂ, ನಮ್ಮ ಬೆಳಗಾವಿಯೂ ಮುಂಬಯಿ ಪ್ರಾಂತದಲ್ಲಿದ್ದವು. ಆ ಮೊದಲ ಕಾನೂನಿನಲ್ಲಿ ಸಂಘಕ್ಕೆ ಒಂದೇ ಕೆಲಸ: ಸದಸ್ಯರಿಂದ ಹಣ ಕೂಡಿಸಿ ಸದಸ್ಯರಿಗೆ ಸಾಲ ಕೊಡುವುದು. ಬೀಜ ಮಾರುವುದು, ಮಾಲು ಮಾರಿಕೊಡುವುದು ಮುಂತಾದ ಕೆಲಸಗಳ ಸಂಘಗಳಿಗೆ ಜಾಗ ಸಿಕ್ಕಿದ್ದು 1912ರ ಕಾನೂನಿನಲ್ಲಿ. ಆಮೇಲೆ ನಮ್ಮ ಭಾಗಕ್ಕೆ 1925ರ ಮುಂಬಯಿ ಸಹಕಾರಿ ಕಾನೂನು ಬಂತು. ಏಕೀಕರಣವಾದ ಮೇಲೆ 1959ರ ನಮ್ಮ ರಾಜ್ಯದ ಕಾನೂನು ಬಂತು.

ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕು ಇಡೀ ದೇಶದ ಹಳ್ಳಿಗಳ ಸಾಲದ ತಪಾಸಣೆ ಮಾಡಿಸಿತು. ಅದರ ವರದಿ 1954ರಲ್ಲಿ ಹೊರಬಂತು. ರೈತ ಮಾಡಿದ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳಿಂದ ಬಂದದ್ದು ಬರೀ ಮೂರು ರೂಪಾಯಿಯಷ್ಟು ಎಂದು ಅದು ತೋರಿಸಿತು. ಉಳಿದದ್ದರಲ್ಲಿ ಬಹುಪಾಲು ಸಾವುಕಾರನದೇ. ಬರೀ ಸಾಲ ಕೊಟ್ಟರೆ ಸಾಲದು, ಸಾಲಕ್ಕೂ ಮಾರಾಟಕ್ಕೂ ಗೋದಾಮಿಗೂ ಗಂಟು ಹಾಕಬೇಕು ಎಂದು ಆ ಸಮಿತಿ ಹೇಳಿತು. ಅಂದಿನಿಂದ ಸಂಘದ ಹೆಗಲ ಮೇಲೆ ಒಂದೊಂದೇ ಮೂಟೆ ಏರುತ್ತ ಬಂತು. ಗೊಬ್ಬರ ಬಂತು, ಬೀಜ ಬಂತು, ರೇಶನ್ ಅಂಗಡಿ ಬಂತು, ಠೇವು ಸಂಗ್ರಹ ಬಂತು, ಬೆಳೆ ವಿಮೆ ಬಂತು, ಯಶಸ್ವಿನಿ ಕಾರ್ಡು ಬಂತು.

ಈಗಂತೂ ಹೇಳುವುದೇ ಬೇಡ. 2021ರಲ್ಲಿ ಕೇಂದ್ರದಲ್ಲಿ ಸಹಕಾರಕ್ಕೆಂದೇ ಬೇರೆ ಸಚಿವಾಲಯ ಆಯಿತು. 2022ರಲ್ಲಿ ದೇಶದ 63 ಸಾವಿರ ಪ್ರಾಥಮಿಕ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ ಯೋಜನೆಗೆ ಮಂಜೂರಾತಿ ಸಿಕ್ಕಿತು. 2023ರ ಜನವರಿಯಲ್ಲಿ ಬಂದ ಮಾದರಿ ಉಪವಿಧಿಗಳ ಪ್ರಕಾರ ಒಂದು ಪ್ರಾಥಮಿಕ ಸಂಘ 25ಕ್ಕೂ ಹೆಚ್ಚು ಬಗೆಯ ಉದ್ಯೋಗ ಮಾಡಬಹುದು. 2024ರ ಫೆಬ್ರುವರಿ 24ರಂದು 11 ರಾಜ್ಯಗಳ 11 ಸಂಘಗಳಲ್ಲಿ ಹೊಸ ಧಾನ್ಯ ಗೋದಾಮುಗಳ ಉದ್ಘಾಟನೆ ಆಯಿತು. ಅವುಗಳಲ್ಲಿ ಒಂದು ನಮ್ಮ ರಾಜ್ಯದ ಬೀದರ ಜಿಲ್ಲೆಯದು. ಇದು ನಮಗೆಲ್ಲ ಹೆಮ್ಮೆಯ ಮಾತು.

ಆದರೆ ಬಾಂಧವರೇ, 1905ರಲ್ಲಿ ಒಂದು ಕೆಲಸಕ್ಕೆ ಒಬ್ಬ ಕಾರ್ಯದರ್ಶಿ ಇದ್ದ. ಇವತ್ತು ಇಷ್ಟೆಲ್ಲ ಕೆಲಸಕ್ಕೂ ಬಹಳ ಸಂಘಗಳಲ್ಲಿ ಒಬ್ಬನೇ ಕಾರ್ಯದರ್ಶಿ, ಒಬ್ಬಿಬ್ಬರು ಗುಮಾಸ್ತರು, ಒಬ್ಬ ಸಿಪಾಯಿ. ಅವರ ಪಗಾರವೂ ಸಂಘದ ಗಳಿಕೆಯಿಂದಲೇ ಬರಬೇಕು. ಕೆಲಸ ಬೆಳೆಯಿತು, ಕೈ ಬೆಳೆಯಲಿಲ್ಲ. ಕೆಡುವುದು ಇಲ್ಲಿಯೇ. ಈಗ ನಮ್ಮ ಕಥೆಗೆ ಬರುತ್ತೇವೆ.

ಅದು 2005ನೇ ಇಸವಿ. ನಮ್ಮ ಸಂಘದಲ್ಲಿ ಎಲ್ಲರಿಗೂ ಹುರುಪು ಬಹಳ. ಊರಿಗೊಂದು ದೊಡ್ಡ ಗೋದಾಮು ಆಗಬೇಕೆಂದು ಬಹಳ ದಿವಸದ ಆಸೆ. ಏಪ್ರಿಲ್ ತಿಂಗಳಲ್ಲಿ ಬುನಾದಿ ತೆಗೆದೆವು. ಅದೇ ತಿಂಗಳು ಬೆಳೆಸಾಲದ ನವೀಕರಣ. ಅದೇ ಹೊತ್ತಿಗೆ ಮುಂಗಾರಿಗೆ ಗೊಬ್ಬರ, ಬೀಜ ತರಿಸುವ ತಯಾರಿ. ಹಿಂದಿನ ವರುಷದ ಆಡಿಟ್ ಬೇರೆ ನಡೆದಿತ್ತು. ತಿಂಗಳ ರೇಶನ್ ಅಂತೂ ಇದ್ದದ್ದೇ. ಐದು ಕೆಲಸಕ್ಕೂ ತಿಜೋರಿ ಒಂದೇ, ಕೀಲಿಕೈ ಒಂದೇ, ಆ ಕೀಲಿಕೈ ಇದ್ದದ್ದು ನಮ್ಮ ಅಂಗಿಯ ಕಿಸೆಯಲ್ಲಿ.

ಮೇ ತಿಂಗಳ ಕೊನೆಯಲ್ಲಿ ಗೋದಾಮಿನ ಗ್ವಾಡಿ ಎದೆಮಟ ಎದ್ದಿತ್ತು. ಕಟ್ಟಡಕ್ಕೆಂದು ಬರಬೇಕಿದ್ದ ಹಣದ ಕಂತು ತಡವಾಯಿತು. ಗೌಂಡಿಗಳು ಬಂದು, "ವಾರದ ಬಟವಡೆ ಆಗಲಿಲ್ಲಂದ್ರ ನಾವು ಬ್ಯಾರೆ ಕೆಲಸಕ್ಕ ಹೋಗ್ತೇವ್ರಿ" ಎಂದರು. ಕೆಲಸ ನಿಂತರೆ ಊರಾಗ ನಗೆಗೇಡು. ಹಿಂದಿನ ಹಂಗಾಮಿನಲ್ಲಿ ಗೊಬ್ಬರ ಮಾರಿದ ರೊಕ್ಕ ಸಂಘದಲ್ಲಿತ್ತು. ನಾವು, ಅಧ್ಯಕ್ಷರು, ಇನ್ನಿಬ್ಬರು ನಿರ್ದೇಶಕರು ಕೂಡಿ ಚಹಾ ಕುಡಿಯುತ್ತ ಮಾತಾಡಿಕೊಂಡೆವು: "ಎಂಟು ದಿನದಾಗ ಕಂತು ಬರತೈತಿ. ಅಲ್ಲೀತನಕ ಗೊಬ್ಬರದ ರೊಕ್ಕ ಹಾಕೋಣ. ಬಂದ ಕೂಡಲೆ ತಿರುಗಿ ತುಂಬಿದರಾತು." ಸಭೆ ಕರೆಯಲಿಲ್ಲ, ಠರಾವು ಬರೆಯಲಿಲ್ಲ. ನಾಲ್ಕು ಜನರ ಬಾಯಿಮಾತೇ ಠರಾವು ಆಯಿತು.

ಎಂಟು ದಿನ ಹದಿನೈದಾಯಿತು, ಹದಿನೈದು ತಿಂಗಳಾಯಿತು. ಜೂನ್ ತಿಂಗಳಲ್ಲಿ ಮಳೆ ಆಗಿ ಭೂಮಿ ಹದಕ್ಕೆ ಬಂತು. ಗೊಬ್ಬರ ತರಿಸಬೇಕಾದರೆ ಮುಂಗಡ ತುಂಬಬೇಕು. ಖಾತೆಯಲ್ಲಿ ರೊಕ್ಕ ಇಲ್ಲ. ರೊಕ್ಕ ಎಲ್ಲಿದೆ? ಗ್ವಾಡಿಯೊಳಗೆ ಸಿಮೆಂಟಾಗಿ ಕೂತಿದೆ. ಸದಸ್ಯರು ದಿನಾ ಬೆಳಗ್ಗೆ ಬಂದು ಸಾಲಾಗಿ ನಿಲ್ಲುವರು. ನಾವು "ನಾಳೆ ಬರ್ರಿ" ಎನ್ನುವೆವು. ಮರುದಿನ ಮತ್ತೆ "ನಾಳೆ".

ಒಂದು ದಿವಸ ಒಬ್ಬ ವಯಸ್ಸಾದ ಆಯಿ ಬಂದಳು. ಗಂಡ ತೀರಿಕೊಂಡಿದ್ದ, ಎರಡೆಕರೆ ಹೊಲ ತಾನೇ ನೋಡಿಕೊಳ್ಳುತ್ತಿದ್ದಳು. ಸಂಘದ ಸಾಲವನ್ನು ಒಂದು ವರುಷವೂ ಬಾಕಿ ಉಳಿಸಿದವಳಲ್ಲ. ಮೂರನೆಯ ಸಲ ಬರಿಗೈಯಲ್ಲಿ ತಿರುಗಿ ಹೋಗುವ ಮೊದಲು ಗೋದಾಮಿನ ಕಡೆ ನೋಡಿ ಹೇಳಿದಳು: "ತಮ್ಮಾ, ಗ್ವಾಡಿ ಭಾಳ ಛಂದ ಎದ್ದಾವ. ಒಳಗ ಗೊಬ್ಬರ ಎಲ್ಲೈತಿ?"

ಆಕೆ ಬೈಯಲಿಲ್ಲ, ಕೂಗಾಡಲಿಲ್ಲ. ಪೇಟೆಗೆ ಹೋಗಿ ಉದ್ರಿ ತಂದಳು. ಉದ್ರಿ ಅಂದರೆ ಬಡ್ಡಿ ಸೇರಿಸಿದ ರೇಟು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಯಾವ ಸಾವುಕಾರನ ಕೈಯಿಂದ ಬಿಡಿಸಲು ಸಂಘ ಹುಟ್ಟಿತೋ, ಅದೇ ಅಂಗಡಿಯ ಕಟ್ಟೆಗೆ ನಮ್ಮ ಸದಸ್ಯಳನ್ನು ನಾವೇ ಕಳಿಸಿದ ಹಾಗಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ವರುಷ ಜುಲೈ ಕೊನೆ, ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದದ್ದು ಹಿರಿಯರಿಗೆ ನೆನಪಿದೆ. ದೂಧಗಂಗೆ, ವೇದಗಂಗೆ ಎಲ್ಲ ಒಟ್ಟಿಗೆ ಏರಿದವು. ಸ್ಲ್ಯಾಬ್ ಇಲ್ಲದ ಗೋದಾಮು ಮಳೆಯಲ್ಲಿ ತೋಯ್ದು ನಿಂತಿತು. ಉಳಿದಿದ್ದ ಸಿಮೆಂಟ್ ಚೀಲಗಳು ಕಲ್ಲಾದವು. ಅತ್ತ ಗೊಬ್ಬರವೂ ಇಲ್ಲ, ಇತ್ತ ಗೋದಾಮೂ ಇಲ್ಲ. ಈ ಗದ್ದಲದಲ್ಲಿ ಆಡಿಟ್‌ನವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯುವುದೂ ಹಿಂದೆ ಬಿತ್ತು.

ಸಪ್ಟೆಂಬರ್‌ನಲ್ಲಿ ವಾರ್ಷಿಕ ಸಾಧಾರಣ ಸಭೆ. ಒಬ್ಬ ತರುಣ ಸದಸ್ಯ ಎದ್ದು ನಿಂತು, "ಗೊಬ್ಬರದ ರೊಕ್ಕ ಗೋದಾಮಕ್ಕ ಹಾಕ್ರಿ ಅಂತ ಯಾವ ಸಭಾದಾಗ ಠರಾವು ಆಗೇತ್ರಿ?" ಎಂದು ಕೇಳಿದ. ಸಭೆ ಸುಮ್ಮನಾಯಿತು. ನಾವು ಠರಾವು ಪುಸ್ತಕ ತಿರುವಿದ ಹಾಗೆ ಮಾಡಿದೆವು. ಅದರಲ್ಲಿ ಏನೂ ಇಲ್ಲ ಎಂಬುದು ನಮಗೆ ಗೊತ್ತೇ ಇತ್ತು. ಕಡೆಗೆ ಅಧ್ಯಕ್ಷರು ಎದ್ದು, "ತಪ್ಪು ನಮ್ಮದು" ಎಂದರು. ನಾವೂ ಎದ್ದು ಕೈ ಮುಗಿದೆವು.

ಒಂದು ಮಾತು ಸ್ಪಷ್ಟ ಹೇಳುತ್ತೇವೆ. ಆ ಹಣದಲ್ಲಿ ಒಂದು ರೂಪಾಯಿಯನ್ನೂ ಯಾರೂ ತಿಂದಿರಲಿಲ್ಲ. ಪೈ ಪೈ ಲೆಕ್ಕ ಗ್ವಾಡಿಯಲ್ಲೇ ಇತ್ತು. ಆದರೂ ಸದಸ್ಯರ ಬಿತ್ತಿಗೆ ಕೆಟ್ಟಿತ್ತು, ಕೆಲವರು ತಮ್ಮ ಠೇವು ಬಿಡಿಸಿಕೊಂಡು ಹೋದರು. ಸಂಘ ಕೆಡಲು ಕಳ್ಳನೇ ಬೇಕೆಂದಿಲ್ಲ. ಒಳ್ಳೆಯ ಮನಸ್ಸಿನ ನಾಲ್ಕು ಜನ ಐದು ಕೆಲಸವನ್ನು ಒಂದೇ ಕಿಸೆಯಲ್ಲಿ ಹಾಕಿಕೊಂಡರೂ ಸಾಕು. ಹೋದ ವಿಶ್ವಾಸ ತಿರುಗಿ ಬರಲು ನಮಗೆ ಬಹಳ ವರುಷ ಹಿಡಿದವು. ಗೋದಾಮು ಅದಕ್ಕಿಂತ ಬೇಗ ಮುಗಿಯಿತು.

ಆ ಸಭೆಯ ಮೇಲೆ ನಾವು ಕೆಲವು ಕಟ್ಟುಪಾಡು ಹಾಕಿಕೊಂಡೆವು. ಅವನ್ನೇ ಇವತ್ತು ನಿಮಗೆ ಹೇಳುತ್ತೇವೆ. ಇವುಗಳಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ದನದ ಕೊಟ್ಟಿಗೆ ನೋಡಿದವರಿಗೆಲ್ಲ ಗೊತ್ತಿರುವ ಮಾತು. ಹತ್ತು ದನ ಕಟ್ಟಬೇಕಾದರೆ ಹತ್ತಕ್ಕೂ ಬೇರೆ ಹಗ್ಗ, ಬೇರೆ ಗೂಟ ಬೇಕು. ಎರಡು ಎಮ್ಮೆ ಒಂದೇ ಗೂಟಕ್ಕೆ ಕಟ್ಟಿದರೆ ಬೆಳಗಾಗುವುದರೊಳಗೆ ಹಗ್ಗ ಸುತ್ತಿಕೊಂಡು ಎರಡೂ ಬಿದ್ದಿರುತ್ತವೆ.

ಮೊದಲನೆಯದು, ಪ್ರತಿ ಕೆಲಸಕ್ಕೂ ಬೇರೆ ಖಾತೆ. ಗೊಬ್ಬರದ ರೊಕ್ಕ ಗೊಬ್ಬರದ ಖಾತೆಗೆ, ಕಟ್ಟಡದ್ದು ಕಟ್ಟಡದ ಖಾತೆಗೆ, ರೇಶನ್‌ದು ರೇಶನ್ ಖಾತೆಗೆ. ಖತಾವಣಿಯಲ್ಲಿ ಬೇರೆ ಪುಟ ಇದ್ದರೆ ಸಾಲದು, ಬ್ಯಾಂಕಿನಲ್ಲಿಯೂ ಬೇರೆ ಪಾಸಬುಕ್ ಇರಲಿ. ಒಂದರಿಂದ ಇನ್ನೊಂದಕ್ಕೆ ತೆಗೆಯಲೇಬೇಕಾದ ಪ್ರಸಂಗ ಬಂದರೆ ಸಭೆ ಕರೆದು ಠರಾವು ಮಾಡಿರಿ. ಎಷ್ಟು ಹಣ, ಯಾತಕ್ಕೆ, ಯಾವ ತಾರೀಖಿಗೆ ತಿರುಗಿ ತುಂಬುವುದು, ಆ ತಾರೀಖಿಗೆ ಬಾರದಿದ್ದರೆ ಎಲ್ಲಿಂದ ತರುವುದು, ಈ ನಾಲ್ಕೂ ಬರೆದಿರಲಿ. ನಾಲ್ಕನೆಯದಕ್ಕೆ ಉತ್ತರ ಇಲ್ಲದಿದ್ದರೆ ತೆಗೆಯಬೇಡಿರಿ. ನಾವು ಆ ದಿನ ಚಹಾ ಕುಡಿಯುತ್ತ ಮರೆತದ್ದು ಅದೇ ಪ್ರಶ್ನೆಯನ್ನು.

ಎರಡನೆಯದು, ಪ್ರತಿ ಕೆಲಸಕ್ಕೂ ಒಬ್ಬರ ಹೆಸರು. "ನಾವೆಲ್ಲಾ ಕೂಡಿ ನೋಡ್ಕೋತೇವಿ" ಎಂಬ ಮಾತು ಕೇಳಲು ಛಂದ. ಆದರೆ ಎಲ್ಲರೂ ನೋಡುವ ಕೆಲಸವನ್ನು ಯಾರೂ ನೋಡುವುದಿಲ್ಲ. ಗೋದಾಮಿಗೆ ಒಬ್ಬ ನಿರ್ದೇಶಕರು, ಗೊಬ್ಬರಕ್ಕೆ ಒಬ್ಬರು, ವಸೂಲಿಗೆ ಒಬ್ಬರು ಎಂದು ಹೆಸರು ಬರೆದು ಆಫೀಸಿನ ಗ್ವಾಡಿಗೆ ಹಚ್ಚಿರಿ. ಸದಸ್ಯ ಬಂದು ಕೇಳಿದಾಗ ಎಲ್ಲದಕ್ಕೂ ಕಾರ್ಯದರ್ಶಿಯ ಮುಖ ನೋಡುವಂತಾಗಬಾರದು. ಕಾರ್ಯದರ್ಶಿ ಒಂದು ದಿವಸ ಜಡ್ಡಾಗಿ ಮಲಗಿದರೆ ಸಂಘ ಮಲಗಬಾರದು.

ಮೂರನೆಯದು, ಗ್ವಾಡಿಯ ಮೇಲೆ ವರುಷದ ಪಟ್ಟಿ. ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ ಗೀಚಿರಿ. ಅದರಲ್ಲಿ ತಾರೀಖು ನಮ್ಮ ಕೈಯಲ್ಲಿ ಇಲ್ಲದ ಕೆಲಸಗಳನ್ನು ಮೊದಲು ಕೆಂಪು ಶಾಯಿಯಲ್ಲಿ ತುಂಬಿರಿ. ಮಳೆ ನಮ್ಮ ಮಾತು ಕೇಳುವುದಿಲ್ಲ, ಆದ್ದರಿಂದ ಮೇ ತಿಂಗಳ ಒಳಗೆ ಗೊಬ್ಬರ ಗೋದಾಮಿನಲ್ಲಿರಬೇಕು. ಬೆಳೆಸಾಲಕ್ಕೆ ಬಡ್ಡಿ ಇಲ್ಲ ಎಂಬ ಸವಲತ್ತು ಅವಧಿಯೊಳಗೆ ತುಂಬಿದವರಿಗೆ ಮಾತ್ರ. 2023ರಲ್ಲಿ ರಾಜ್ಯ ಸರಕಾರ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ ಮೇಲಂತೂ ಒಂದು ದಿನ ತಪ್ಪಿದರೂ ರೈತನಿಗೆ ಆಗುವ ಹಾನಿ ದೊಡ್ಡದು. ಕಬ್ಬು ಕೊಟ್ಟ 14 ದಿವಸದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಒಂದೇ ಊರಿನ ಕಬ್ಬು ನಾಲ್ಕು ಕಾರಖಾನೆಗೆ ಹೋಗುತ್ತದೆ, ನಾಲ್ಕರ ಬಿಲ್ಲೂ ನಾಲ್ಕು ದಿವಸ ಬರುತ್ತವೆ. ಯಾರ ಬಿಲ್ಲು ಯಾವಾಗ ಬರಬಹುದು ಎಂದು ಜನವರಿಯಲ್ಲೇ ಪಟ್ಟಿ ಮಾಡಿಟ್ಟುಕೊಂಡರೆ ಮಾರ್ಚ್ ಅಖೇರಿಗೆ ಮನೆ ಮನೆ ಓಡಾಡುವ ಪಾಡು ತಪ್ಪುತ್ತದೆ.

ಕೆಂಪು ಶಾಯಿಯ ಕೆಲಸ ತುಂಬಿದ ಮೇಲೆ ಉಳಿದ ಜಾಗದಲ್ಲಿ ನೀಲಿ ಶಾಯಿಯ ಕೆಲಸ ಬರೆಯಿರಿ. ಕಟ್ಟಡ, ಬಣ್ಣ, ಹೊಸ ಕಪಾಟು, ಪ್ರವಾಸ, ಇವೆಲ್ಲ ಕಾಯುವ ಕೆಲಸಗಳು. ಗೋದಾಮು ಆರು ತಿಂಗಳು ತಡವಾದರೆ ಯಾರ ಬೆಳೆಯೂ ಒಣಗುವುದಿಲ್ಲ. ಗೊಬ್ಬರ ಎಂಟು ದಿವಸ ತಡವಾದರೆ ಒಣಗುತ್ತದೆ. ನಾವು 2005ರಲ್ಲಿ ಏಪ್ರಿಲ್‌ಗೆ ಬುನಾದಿ ತೆಗೆದದ್ದೇ ಮೊದಲ ತಪ್ಪು. ಸುಗ್ಗಿ ಮುಗಿದು, ಕೈಯಲ್ಲಿ ಹಣವೂ ಆಳೂ ಇರುವ ಹೊತ್ತು ನೋಡಿ ಶುರು ಮಾಡಿದ್ದರೆ ಮಳೆಗಾಲಕ್ಕೆ ಸ್ಲ್ಯಾಬ್ ಬಿದ್ದಿರುತ್ತಿತ್ತು.

ನಾಲ್ಕನೆಯದು, ವಾರಕ್ಕೊಮ್ಮೆ ಕಾಲು ತಾಸಿನ ಬೈಠಕ್. ಸಂತೆಯ ದಿವಸ ಹೇಗೂ ಎಲ್ಲರೂ ಊರಲ್ಲಿರುತ್ತಾರೆ. ಒಂದೊಂದು ಕೆಲಸದ ಹೆಸರಿನವರಿಗೆ ಮೂರೇ ಪ್ರಶ್ನೆ: ಎಲ್ಲಿಗೆ ಬಂತು? ಎಲ್ಲಿ ನಿಂತಿದೆ? ಯಾರ ಕೈ ಬೇಕು? ಉತ್ತರವನ್ನು ಒಂದು ನೋಟಬುಕ್ಕಿನಲ್ಲಿ ಒಂದೊಂದು ಸಾಲು ಬರೆಯಿರಿ. ಒಂದೇ ಉತ್ತರ ಮೂರು ವಾರ ಬಂದರೆ ಆ ಕೆಲಸ ಜಡ್ಡಿಗೆ ಬಿದ್ದಿದೆ ಎಂದು ತಿಳಿಯಿರಿ. ನಮ್ಮ "ನಾಳೆ ಕಂತು ಬರತೈತಿ" ಎಂಬ ಉತ್ತರವನ್ನು ಯಾರಾದರೂ ಬರೆದಿಟ್ಟಿದ್ದರೆ ಮೂರನೆಯ ವಾರಕ್ಕೇ ನಮ್ಮ ಕಣ್ಣು ತೆರೆಯುತ್ತಿತ್ತು.

ಐದನೆಯದು, ಹೊಸ ಕೆಲಸ ಹಿಡಿಯುವ ಮೊದಲು ಹಳೆಯದೊಂದು ಮುಗಿಸಿರಿ. ನಿತ್ಯದ ಕೆಲಸಗಳನ್ನು ಬಿಟ್ಟು, ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹೊಸ ಕೆಲಸ ಇಟ್ಟುಕೊಳ್ಳಬಾರದೆಂದು ನಾವು ಠರಾವು ಮಾಡಿಕೊಂಡೆವು. ಮುಗಿಸುವುದು ಅಂದರೆ ನಾಡಗೀತೆ ಹಾಡಿ, ರಿಬ್ಬನ್ ಕತ್ತರಿಸುವುದಲ್ಲ. ಬಿಲ್ಲು ಪಾವತಿಯಾಗಿರಬೇಕು, ಲೆಕ್ಕ ಆಡಿಟ್‌ಗೆ ಒಪ್ಪಿಗೆಯಾಗಿರಬೇಕು, ಸಾಮಾನಿನ ಪಟ್ಟಿ ಆಗಿರಬೇಕು, ಕೀಲಿಕೈ ಯಾರ ಹತ್ತಿರ ಎಂದು ಬರೆದಿರಬೇಕು. ಬಹಳ ಸಂಘಗಳಲ್ಲಿ ಉದ್ಘಾಟನೆ ಆದ ಕೆಲಸಗಳು ಇರುತ್ತವೆ, ಮುಗಿದ ಕೆಲಸಗಳು ಇರುವುದಿಲ್ಲ.

ಆರನೆಯದು, ಕೇಳದೆ ಬರುವ ಕೆಲಸಕ್ಕೆ ಸ್ವಲ್ಪ ಜಾಗ ಬಿಟ್ಟಿರಿ. 2017ರಲ್ಲಿ ಸಹಕಾರಿ ಸಂಘಗಳ ಬೆಳೆಸಾಲದಲ್ಲಿ 50 ಸಾವಿರದವರೆಗೆ ಮನ್ನಾ ಆಯಿತು. 2018ರಲ್ಲಿ ಒಂದು ಲಕ್ಷದವರೆಗೆ ಆಯಿತು. ರೈತನಿಗೆ ಒಳ್ಳೆಯದಾಯಿತು. ಆದರೆ ಪ್ರತಿಯೊಬ್ಬರ ಆಧಾರ, ರೇಶನ್ ಕಾರ್ಡು, ಸರ್ವೆ ನಂಬರು ಕೂಡಿಸಿ ಪಟ್ಟಿ ಮಾಡುವ ಕೆಲಸ ಸಂಘದ ಆಫೀಸಿಗೆ ಬಂತು. ಅದು ಯಾರ ವರುಷದ ಪಟ್ಟಿಯಲ್ಲೂ ಇರಲಿಲ್ಲ. ಎಲ್ಲರ ಎರಡೂ ಕೈ ತುಂಬಿದ್ದರೆ ಇಂಥದ್ದು ಬಂದಾಗ ಏನಾದರೊಂದು ಕೆಳಗೆ ಬೀಳಲೇಬೇಕು.

ಈ ಕಟ್ಟುಪಾಡುಗಳಿಂದ ಏನು ಫಾಯದೆ ಆಯಿತು ಎಂದು ಕೇಳುವಿರಿ. ಅದನ್ನು ಹೇಳಲು 2019ರ ಆಗಸ್ಟ್ ತಿಂಗಳು ಸಾಕು. ಆಗಿನ ಮಹಾಪೂರವನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕಿನವರು ಕಣ್ಣಾರೆ ಕಂಡಿದ್ದೀರಿ. ಕಲ್ಲೋಳ, ಯಡೂರ ನಡುವಿನ ಸೇತುವೆ ಮುಳುಗಿತು. ಊರಿಗೆ ಊರೇ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಯಿತು. ಆ ನಾಲ್ಕು ದಿವಸದಲ್ಲಿ ಸಂಘಕ್ಕೆ ಒಮ್ಮೆಲೇ ಬಿದ್ದ ಕೆಲಸ ನೋಡಿರಿ: ದಫ್ತರ ಕಾಪಾಡಬೇಕು, ಗೊಬ್ಬರ ಸಾಗಿಸಬೇಕು, ರೇಶನ್ ಅಕ್ಕಿಯನ್ನು ಜನ ಇದ್ದಲ್ಲಿಗೆ ಮುಟ್ಟಿಸಬೇಕು, ಬಂಗಾರದ ಅಡವು ಇಟ್ಟವರ ಒಡವೆ ಜೋಪಾನ ಮಾಡಬೇಕು, ಮುಳುಗಿದ ಬೆಳೆಯ ವಿವರ ಬರೆದಿಡಬೇಕು.

2005ರ ಹಾಗೆ ಒಬ್ಬನೇ ಓಡಾಡುವ ಪ್ರಸಂಗ ಬರಲಿಲ್ಲ. ಗ್ವಾಡಿಯ ಮೇಲೆ ಹೆಸರು ಇತ್ತು. ದಫ್ತರದವರು ಖತಾವಣಿಗಳನ್ನು ಧೋತರದಲ್ಲಿ ಕಟ್ಟಿ ಮಠದ ಮೇಲ್ಮಾಳಿಗೆಗೆ ಒಯ್ದರು. ರೇಶನ್‌ನವರು ಟ್ರ್ಯಾಕ್ಟರ್ ಹೂಡಿದರು. ಗೊಬ್ಬರದವರು ಹಮಾಲರನ್ನು ಕೂಡಿಸಿದರು. ಕೆಳಸಾಲಿನ ಕೆಲವು ಚೀಲ ಉಳಿಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಬ್ಬ ಸದಸ್ಯನ ಲೆಕ್ಕವೂ ನೀರಿಗೆ ಹೋಗಲಿಲ್ಲ. ನೀರು ಇಳಿದ ಮೇಲೆ ಸಂಘದ ಬಾಗಿಲು ತೆಗೆದಾಗ ಮುಂದೆ ಏನು ಮಾಡಬೇಕೆಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಇನ್ನು ನಿಮ್ಮ ಮುಂದಿನ 25 ವರುಷದ ಮಾತು. ಹೊಸ ಹೊಸ ಯೋಜನೆಗಳು ನಿಮ್ಮ ಬಾಗಿಲಿಗೂ ಬರುತ್ತವೆ. ಸಂತೋಷದಿಂದ ಓದಿರಿ, ವಿಚಾರ ಮಾಡಿರಿ. ಆದರೆ 25 ಬಗೆಯ ಉದ್ಯೋಗ ಮಾಡಬಹುದು ಅಂದ್ರ 25ನ್ನೂ ಮಾಡ್ರಿ ಅಂತಲ್ಲ. ಈ ಕೆಲಸ ನಮ್ಮ ಊರಿಗೆ ಬೇಕೇ? ನೋಡಿಕೊಳ್ಳುವ ಮನುಷ್ಯ ಯಾರು? ಅವನಿಗೆ ಪಗಾರ ಎಲ್ಲಿಂದ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ "ಹೂಂ" ಅನ್ನಿರಿ. ಪಕ್ಕದ ಊರಿನವರು ಮಾಡಿದ್ದಾರೆ ಎಂಬುದು ಕಾರಣವಲ್ಲ. "ಈ ವರುಷ ಬ್ಯಾಡ್ರಿ, ಮುಂದಿನ ವರುಷ ನೋಡೋಣ" ಎಂದು ಹೇಳುವ ಧೈರ್ಯ ಆಡಳಿತ ಮಂಡಳಿಗೆ ಇರಬೇಕು. ಹಾಗೆ ಹೇಳಿದವರನ್ನು ಕೈಲಾಗದವರು ಎಂದು ಊರು ಹೀಯಾಳಿಸಬಾರದು.

ಕಂಪ್ಯೂಟರ್ ಬಂದರೆ ಎಲ್ಲ ಸುಲಭ ಎನ್ನುವವರಿದ್ದಾರೆ. ಬಂದದ್ದು ಒಳ್ಳೆಯದೇ. ಆದರೆ ಕಂಪ್ಯೂಟರ್ ಎಂಬುದೂ ಮೊದಮೊದಲಿಗೆ ಒಂದು ಹೊಸ ಕೆಲಸವೇ. ಹಳೆಯ ಕೀರ್ದಿಯ ಬಾಕಿಯೂ ಹೊಸ ಯಂತ್ರದ ಬಾಕಿಯೂ ತಾಳೆ ಆಗುವ ತನಕ ಎರಡನ್ನೂ ಬರೆಯಬೇಕು. ಆ ತಿಂಗಳುಗಳಲ್ಲಿ ನಿಮ್ಮ ಹುಡುಗರ ಮೇಲೆ ಮತ್ತೊಂದು ಹೊರೆ ಹೊರಿಸಬೇಡಿರಿ. ರಾತ್ರಿ ಹತ್ತರ ತನಕ ಆಫೀಸಿನಲ್ಲಿ ದೀಪ ಉರಿಯುತ್ತಿದ್ದರೆ "ನಮ್ಮ ಸೆಕ್ರೆಟರಿ ಭಾಳ ಕಷ್ಟಾಳು" ಎಂದು ಹೊಗಳಬೇಡಿರಿ. ಯಾವ ಕೆಲಸ ದಾರಿ ತಪ್ಪಿದೆ ಎಂದು ಹೋಗಿ ಕೇಳಿರಿ. ನಾವೂ ಆ ಹೊಗಳಿಕೆಗೆ ಉಬ್ಬಿ, ಮನೆಯವರ ಮುಖ ನೋಡದೆ ವರುಷಗಳನ್ನು ಕಳೆದವರು. ಅದರಿಂದ ಸಂಘಕ್ಕೂ ಲಾಭವಾಗಲಿಲ್ಲ, ಮನೆಗೂ ಆಗಲಿಲ್ಲ.

ಸದಸ್ಯ ಬಾಂಧವರಿಗೂ ಒಂದು ಬಿನ್ನಹ. ಸಂಘ ನಡೆಸುವುದು ಮಂಡಳಿಯ ಕೆಲಸ, ಕೇಳುವುದು ನಿಮ್ಮ ಕೆಲಸ. ವಾರ್ಷಿಕ ಸಭೆಗೆ ಊಟದ ಹೊತ್ತಿಗೆ ಬರಬೇಡಿರಿ, ಜಮಾಖರ್ಚು ಓದುವ ಹೊತ್ತಿಗೆ ಬರ್ರಿ. ಆ ತರುಣ ಸದಸ್ಯ ಅಂದು ಎದ್ದು ನಿಂತು ಕೇಳದಿದ್ದರೆ ನಾವು ಮರುವರುಷವೂ ಅದೇ ತಪ್ಪು ಮಾಡುತ್ತಿದ್ದೆವು. ಅವನ ಮೇಲೆ ಆ ದಿನ ನಮಗೆ ಸಿಟ್ಟು ಬಂದಿತ್ತು. ಈಗ ಋಣ ಎನಿಸುತ್ತದೆ. ಹಾಗೆಯೇ ಸಾಲವನ್ನು ಅವಧಿಯೊಳಗೆ ತುಂಬಿರಿ. ನೀವು ತಡ ಮಾಡಿದ ಒಂದೊಂದು ಕಂತೂ ಸಂಘದ ಇನ್ನೊಂದು ಕೆಲಸದ ಕಾಲಿಗೆ ಕಟ್ಟಿದ ಕಲ್ಲು.

ಆ ಆಯಿ ಈಗ ಇಲ್ಲ. ಗೋದಾಮು ಮುಗಿದು, ಮೊದಲ ಸಲ ಒಳಗೆ ಗೊಬ್ಬರ ತುಂಬಿದ ದಿವಸ ನಾವೇ ಆಕೆಯ ಮನೆಗೆ ಹೋಗಿ ಕರೆದುಕೊಂಡು ಬಂದೆವು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. "ಈಗ ಬರೋಬರಿ ಆತು, ತಮ್ಮಾ" ಎಂದು ಎರಡು ಚೀಲ ಬರೆಸಿ ಹೋದಳು. ಅಂದಿನಿಂದ ನಾವು ಯಾವ ಹೊಸ ಕೆಲಸಕ್ಕೆ ಕೈ ಹಾಕಿದರೂ ಸದಸ್ಯ ಬಂದು "ಒಳಗ ಏನೈತಿ?" ಎಂದು ಕೇಳಿದರೆ ತೋರಿಸಲು ಏನಾದರೂ ಇರಬೇಕು ಎಂಬ ಲೆಕ್ಕದಲ್ಲೇ ಕೆಲಸ ಮಾಡಿದೆವು. ನೀವೂ ನಿಮ್ಮ ಸಂಘವನ್ನು ಅದೇ ಲೆಕ್ಕದಲ್ಲಿ ನಡೆಸಿರಿ.

ನಿಮ್ಮ ಸಂಘ ರೌಪ್ಯದಿಂದ ಸುವರ್ಣಕ್ಕೆ, ಸುವರ್ಣದಿಂದ ಶತಮಾನಕ್ಕೆ ನಡೆಯಲಿ.

ಜೈ ಸಹಕಾರ, ಜೈ ಕರ್ನಾಟಕ.